ಕೀಲಿಮಣೆಗೆ ಶ್ರುತಿ ಕಲಿಸುವ ಕೆಲಸ

ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳು ಯಾವ ಕಂಪನಿಗೂ ಪರವಾನಗಿಯ ಶುಲ್ಕವನ್ನು ತೆರದೆ ಸ್ವತಂತ್ರ ತಂತ್ರಾಂಶದ ಬಲದಿಂದಲೇ ನಡೆಯುತ್ತಿವೆಯೆಂಬುದೂ, ತಿರುವನಂತಪುರದ ಪೂಜಪ್ಪುರದಲ್ಲಿ ನೆಲೆಯಿರುವ ‘ಕೈಟ್’ ಎಂಬ ಸರಕಾರಿ ಸಂಸ್ಥೆಯು ಉಬುಂಟುವನ್ನಾಧರಿಸಿ ಸಿದ್ಧಪಡಿಸಿದ ಗ್ನು/ಲಿನಕ್ಸ್ ವ್ಯವಸ್ಥೆಯಿಂದ ಸುಮಾರು 3,000 ಕೋಟಿ ರೂಪಾಯಿಗಳ ವೆಚ್ಚ ತಪ್ಪಿತೆಂದು 2019ರಲ್ಲಿ ಲೆಕ್ಕ ಕೊಡಲಾಯಿತೆಂಬುದೂ ಪತ್ರಿಕೆಗಳನ್ನೋದುವವರಿಗೆ ತಿಳಿದ ಸಂಗತಿಗಳೇ ಆಗಿವೆ. 2001ರ ಜುಲೈ ತಿಂಗಳಲ್ಲಿ ರಿಚರ್ಡ್ ಸ್ಟಾಲ್ಮನ್ನರು ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ನನ್ನು ಉದ್ಘಾಟಿಸಿದ್ದು ತಿರುವನಂತಪುರದಲ್ಲಿಯೇ. ಅಂದು ಬಿತ್ತಿದ ಬೀಜವು ಶಾಲೆಯ ಅಂಗಳದಲ್ಲಿ ಈ ಬಗೆಯಾಗಿ ಫಲಿಸಿದ್ದು ನೆರೆಯ ರಾಜ್ಯದವರಾದ ನಾವು ಗೌರವದಿಂದ ನೋಡತಕ್ಕ ಕಾರ್ಯ. ಆ ಯಂತ್ರಗಳಿಂದ ಮಕ್ಕಳು ಬರೆಯುತ್ತಾರೆ, ಲೆಕ್ಕ ಮಾಡುತ್ತಾರೆ, ಚಿತ್ರ ಬಿಡಿಸುತ್ತಾರೆ, ಚಲನಚಿತ್ರದ ತುಣುಕುಗಳನ್ನು ಜೋಡಿಸುತ್ತಾರೆ. ಆದರೆ ಅದೇ ಯಂತ್ರದೊಳಗೆ ಅಡಗಿರುವ ಇನ್ನೊಂದು ಶಕ್ತಿ, ಕೆಲವು ಸಾವಿರ ರೂಪಾಯಿಗೆ ದೊರೆಯುವ ಸಣ್ಣದೊಂದು ಕೀಬೋರ್ಡನ್ನು ಒಂದು ಯುಎಸ್‌ಬಿ ತಂತಿಯಿಂದ ಜೋಡಿಸಿದ ಕ್ಷಣದಲ್ಲಿ ತಾನೇ ವಾದ್ಯವಾಗಿಬಿಡುವ ಶಕ್ತಿ, ಬಹುಪಾಲು ನಿದ್ರಿಸುತ್ತಲೇ ಇದೆ. ಅದನ್ನು ಎಚ್ಚರಿಸಬೇಕು, ಆದರೆ ಎಚ್ಚರಿಸುವ ಮುನ್ನ ಆ ಕೀಲಿಮಣೆಗೆ ನಮ್ಮ ಶ್ರುತಿಯನ್ನು ಕಲಿಸಬೇಕು. ಈ ಎರಡು ಮಾತುಗಳಲ್ಲಿ ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಮಾಡುವುದಾದರೆ, ಮಾಡದಿರುವುದೇ ಲೇಸೆಂದು ನಾನು ತಿಳಿಯುತ್ತೇನೆ.

ಇಲ್ಲಿ ಹೇಳುತ್ತಿರುವ ಕೀಬೋರ್ಡು ಮದುವೆಯ ಮಂಟಪಗಳಲ್ಲಿಯೂ ಆರ್ಕೆಸ್ಟ್ರಾಗಳಲ್ಲಿಯೂ ಕಾಣುವ, ತನ್ನ ಒಡಲಲ್ಲಿಯೇ ಸ್ಪೀಕರನ್ನಿಟ್ಟುಕೊಂಡ ವಾದ್ಯವಲ್ಲ. ಇದಕ್ಕೆ ಸ್ವಂತ ಧ್ವನಿಯೇ ಇಲ್ಲ. 25 ಮನೆಗಳದೋ 49 ಮನೆಗಳದೋ ಆದ ಈ ಹಲಗೆಯ ಒಂದು ಮನೆಯನ್ನು ಒತ್ತಿದರೆ, ಯಾವ ಮನೆಯನ್ನು ಒತ್ತಲಾಯಿತು, ಎಷ್ಟು ರಭಸದಿಂದ ಒತ್ತಲಾಯಿತು, ಯಾವಾಗ ಬಿಡಲಾಯಿತು ಎಂಬಿಷ್ಟೇ ವಿಷಯವನ್ನು ಅದು ಸಂಖ್ಯೆಗಳ ರೂಪದಲ್ಲಿ ಕಂಪ್ಯೂಟರಿಗೆ ತಿಳಿಸುತ್ತದೆ; ನಾಟಕದಲ್ಲಿ ಪರದೆಯ ಮರೆಗೆ ನಿಂತು ಮಾತನ್ನು ಒದಗಿಸಿಕೊಡುವವನಂತೆ ಅದರ ಪಾತ್ರ, ರಂಗದ ಮೇಲೆ ಕಾಣಿಸಿಕೊಂಡು ಆಡುವವನು ಕಂಪ್ಯೂಟರಿನೊಳಗಿನ ಸಿಂಥಸೈಜರ್ ತಂತ್ರಾಂಶ. ಇವರಿಬ್ಬರ ನಡುವಣ ಸಂಕೇತಭಾಷೆಯೇ ಮಿಡಿ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಎಂಬಿಬ್ಬರು ಮುಂದಾಗಿ, ಒಬ್ಬರಿಗೊಬ್ಬರು ಸ್ಪರ್ಧಿಗಳಾಗಿದ್ದ ತಯಾರಕರನ್ನು ಒಂದೇ ಒಡಂಬಡಿಕೆಗೆ ತಂದದ್ದರ ಫಲವಾಗಿ, 1983ರ ಜನವರಿಯಲ್ಲಿ ಎರಡು ಬೇರೆಬೇರೆ ಕಂಪನಿಗಳ ವಾದ್ಯಗಳನ್ನು ಒಂದು ತಂತಿಯಿಂದ ಬೆಸೆದು, ಒಂದನ್ನು ನುಡಿಸಿ ಇನ್ನೊಂದನ್ನು ನುಡಿಯಿಸಲಾಯಿತು. ಆ ಭಾಷೆಗೆ ಅವರಾರೂ ಒಡೆತನದ ಶುಲ್ಕವನ್ನು ವಿಧಿಸಲಿಲ್ಲವೆಂಬುದನ್ನು ವಿಶೇಷವಾಗಿ ಸ್ಮರಿಸಬೇಕು. ನಲವತ್ತು ವರ್ಷಗಳು ಕಳೆದ ಮೇಲೆಯೂ ಯಾವ ದೇಶದ ಕೀಬೋರ್ಡಾದರೂ ಯಾವ ದೇಶದ ತಂತ್ರಾಂಶದೊಡನೆಯಾದರೂ ಮಾತನಾಡಬಲ್ಲುದಾಗಿರುವುದು ಆ ಔದಾರ್ಯದ ಕಾರಣದಿಂದ.

ಜೋಡಣೆಯ ಕೆಲಸ ಕ್ಲಿಷ್ಟವಾದುದಲ್ಲ. ಕೀಬೋರ್ಡನ್ನು ಸಿಕ್ಕಿಸಿದರೆ ಲಿನಕ್ಸ್ ಅದನ್ನು ತಾನಾಗಿ ಗುರುತಿಸುತ್ತದೆ. ಕ್ಯೂಸಿಂತ್ ಎಂಬ ಚೊಕ್ಕ ಕಾರ್ಯಕ್ರಮವು ಫ್ಲೂಯಿಡ್‌ಸಿಂತ್ ಎಂಬ ಸಿಂಥಸೈಜರನ್ನು ನಡೆಸುತ್ತದೆ. ವಾದ್ಯಗಳ ಧ್ವನಿಮುದ್ರಿತ ಮಾದರಿಗಳನ್ನುಳ್ಳ ಸೌಂಡ್‌ಫಾಂಟ್ ಕಡತವೊಂದನ್ನು ಅದರೊಳಗೆ ತುಂಬಿ, ಕೀಬೋರ್ಡಿನ ಹೊರದಾರಿಯನ್ನು ಸಿಂಥಸೈಜರಿನ ಒಳದಾರಿಗೆ ಸೇರಿಸಿದರೆ ನಾದ ಹೊರಡುತ್ತದೆ. ಧ್ವನಿಮಾದರಿಗಳನ್ನು ಅವಲಂಬಿಸದೆ ನಾದವನ್ನು ಗಣಿತದಿಂದಲೇ ಹುಟ್ಟಿಸಬೇಕೆಂಬವರಿಗೆ ರೊಮೇನಿಯಾದ ಪಾಲ್ ನಾಸ್ಕ ರಚಿಸಿದ ಝಿನ್‌ಆಡ್‌ಸಬ್‌ಎಫ್‌ಎಕ್ಸ್ ಇದೆ, ಸರ್ಜ್ ಇದೆ. ಇವುಗಳಲ್ಲಿ ಒಂದಕ್ಕೂ ಬೆಲೆಯಿಲ್ಲ.

ಆದರೆ ಒಂದು ವಿಷಯದಲ್ಲಿ ಶಿಕ್ಷಕರು ಅಲಕ್ಷ್ಯ ಮಾಡಕೂಡದು. ಅದು ವಿಳಂಬದ ವಿಷಯ. ಕಂಪ್ಯೂಟರು ನಾದವನ್ನು ಬಿಂದುಬಿಂದುವಾಗಿ ಲೆಕ್ಕಹಾಕಿ, ಒಂದು ಗುಂಪು ತುಂಬಿದ ಮೇಲೆ ಹೊರಗೆ ಕಳುಹುತ್ತದೆ. ಈ ಗುಂಪಿಗೆ ಬಫರ್ ಎಂದು ಹೆಸರು. ಸೆಕೆಂಡಿಗೆ 48,000 ಬಿಂದುಗಳ ಗತಿಯಲ್ಲಿ 1,024 ಬಿಂದುಗಳ ಬಫರನ್ನಿಟ್ಟರೆ, ಅದೊಂದರಿಂದಲೇ ಬೆರಳು ಬಿದ್ದ ಮೇಲೆ ನಾದ ಹೊರಡುವುದಕ್ಕೆ 21 ಮಿಲಿಸೆಕೆಂಡುಗಳು ಹಿಡಿಯುತ್ತವೆ. ಗಾಳಿಯಲ್ಲಿ ಶಬ್ದವು ಅಷ್ಟು ಹೊತ್ತಿನಲ್ಲಿ ಏಳು ಮೀಟರಿಗೂ ಮಿಕ್ಕ ದೂರವನ್ನು ಕ್ರಮಿಸುವುದರಿಂದ, ಮಗುವಿನ ಪಾಲಿಗೆ ತಾನು ಒತ್ತುವ ಮನೆ ಇಲ್ಲಿದ್ದು ನುಡಿಯುವ ವಾದ್ಯ ಕೋಣೆಯ ಆಚೆಯ ಗೋಡೆಯ ಬಳಿಯಿದ್ದಂತಾಗುತ್ತದೆ. ಬಫರನ್ನು 128ಕ್ಕೆ ಇಳಿಸಿದರೆ ಆ ದೂರ ಒಂದು ಮೀಟರಿನೊಳಗೆ ಬರುತ್ತದೆ. ವೃಶ್ಚಿಕೋತ್ಸವದ ದಿನಗಳಲ್ಲಿ ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರದ ಪೂರ್ಣತ್ರಯೀಶ ದೇವಾಲಯದಲ್ಲಿ ಪಂಚಾರಿ ಮೇಳವನ್ನು ಕೇಳಿದವರು, ಸಾಲಾಗಿ ನಿಂತ ಅಷ್ಟು ಚೆಂಡೆಗಳು ಒಂದೇ ಪೆಟ್ಟಿನಂತೆ ಬೀಳಬೇಕಾದರೆ ಕಿವಿಯೂ ಕೈಯೂ ಎಂಥ ಸಾಮೀಪ್ಯದಲ್ಲಿರಬೇಕೆಂಬುದನ್ನು ಬಲ್ಲರು. ವಿಳಂಬದ ಯಂತ್ರದ ಮೇಲೆ ಅಭ್ಯಾಸ ಮಾಡಿದ ಮಗುವಿಗೆ ತಾಳಜ್ಞಾನವಿಲ್ಲವೆಂದು ಗುರುಗಳು ತೀರ್ಪು ಕೊಟ್ಟುಬಿಡುವ ಅಪಾಯವಿದೆ, ತಪ್ಪು ಮಗುವಿನದಾಗಿರುವುದಿಲ್ಲ.

ಇನ್ನು ಶ್ರುತಿಯ ಮಾತು. ಅಂಗಡಿಯಿಂದ ಬಂದ ಕೀಬೋರ್ಡೂ ಜಾಲದಿಂದ ಇಳಿಸಿಕೊಂಡ ಸಿಂಥಸೈಜರೂ ಪಾಶ್ಚಾತ್ಯರ ಸಮಭಾಗ ಪದ್ಧತಿಯಲ್ಲಿ ಶ್ರುತಿಗೊಂಡಿರುತ್ತವೆ. ಎಂದರೆ ಒಂದು ಸ್ಥಾಯಿಯನ್ನು 1,200 ಸೆಂಟ್‌ಗಳಾಗಿ ಎಣಿಸಿ ಒಂದೊಂದು ಮನೆಗೆ 100ರಂತೆ ಹನ್ನೆರಡು ಮನೆಗಳಿಗೂ ಸಮನಾಗಿ ಹಂಚಿರುತ್ತಾರೆ. ಎಲ್ಲ ಮನೆಗಳನ್ನೂ ಷಡ್ಜವಾಗಿಸಿಕೊಳ್ಳಬಲ್ಲ ಅನುಕೂಲಕ್ಕಾಗಿ ಅವರು ಮಾಡಿಕೊಂಡ ಒಪ್ಪಂದವದು, ಅವರ ಸಂಗೀತದ ಅಗತ್ಯಕ್ಕೆ ಅದು ಯೋಗ್ಯವೂ ಹೌದು. ಆದರೆ ತಂಬೂರಿಯನ್ನು ಚೆನ್ನಾಗಿ ಶ್ರುತಿಮಾಡಿ ಮೀಟಿದಾಗ ಮಂದ್ರ ಷಡ್ಜದ ತಂತಿಯೊಳಗಿಂದ ತಾನಾಗಿ ಎದ್ದು ಕೇಳಿಸುವ ಅಂತರ ಗಾಂಧಾರ, ನಮ್ಮ ಗಾಯಕರು ಸ್ವಯಂಭೂ ಎಂದು ಕರೆಯುವ ಆ ಗಾಂಧಾರ, ಷಡ್ಜದಿಂದ 386 ಸೆಂಟ್‌ಗಳ ಎತ್ತರದಲ್ಲಿದೆ. ಕೀಬೋರ್ಡಿನ ಗಾಂಧಾರವೋ 400ರಲ್ಲಿ ನಿಂತಿದೆ. ಷಡ್ಜವನ್ನು ಸೆಕೆಂಡಿಗೆ 261.6 ಕಂಪನಗಳ ಮನೆಯಲ್ಲಿಟ್ಟುಕೊಂಡರೆ ತಂಬೂರಿಯ ಗಾಂಧಾರದ ಕೆಳಗಿನ ಸ್ಥಾಯಿಯ ರೂಪವು 327ರಲ್ಲಿಯೂ ಕೀಬೋರ್ಡಿನದು 329.6ರಲ್ಲಿಯೂ ಬೀಳುತ್ತದೆ. ಎರಡೂವರೆ ಕಂಪನಗಳ ಈ ಭೇದ ಓದುವವರಿಗೆ ಅಲ್ಪವಾಗಿ ಕಾಣಬಹುದು. ಎರಡನ್ನೂ ಒಟ್ಟಿಗೆ ಹಿಡಿದು ಕೇಳಿದವರಿಗೆ, ಒಂದರ ಮೇಲೊಂದು ಅಲೆಯಿಡುತ್ತ ಎರಡೂ ಕಲಹವಾಡುವುದು ಸ್ಪಷ್ಟವಾಗಿ ತಿಳಿಯುತ್ತದೆ. ಕಿವಿ ಇನ್ನೂ ಎಳೆಯದಾಗಿರುವಾಗ ದಿನವೂ ಈ ಕಲಹವನ್ನೇ ಕೇಳಿ ಬೆಳೆದ ಮಗುವಿಗೆ ಅದೇ ಸಾಮರಸ್ಯವಾಗಿ ತೋರತೊಡಗುವುದು ಸಹಜ.

ಇದಕ್ಕೆ ಪರಿಹಾರ ಯಂತ್ರದೊಳಗೇ ಇದೆ, ಮತ್ತು ಅದನ್ನು ಯಾರೂ ಬಚ್ಚಿಟ್ಟಿಲ್ಲ. ಮನೆಮನೆಗೂ ಬೇಕಾದ ಎತ್ತರವನ್ನು ಬರೆದಿಡುವ ಸ್ಕಾಲಾ ಎಂಬ ಸರಳ ಪಠ್ಯಕಡತವನ್ನು ಝಿನ್‌ಆಡ್‌ಸಬ್‌ಎಫ್‌ಎಕ್ಸೂ ಸರ್ಜೂ ಓದಿಕೊಳ್ಳುತ್ತವೆ. ಫ್ಲೂಯಿಡ್‌ಸಿಂತ್ ಬೇರೊಂದು ಮಾರ್ಗದಿಂದ ಅದೇ ಕೆಲಸವನ್ನು ಮಾಡುತ್ತದೆ. ಹನ್ನೆರಡು ಸಾಲುಗಳ ಆ ಕಡತವನ್ನು ಬಲ್ಲ ವಿದ್ವಾಂಸರೊಬ್ಬರು ಕಿವಿಯಿಟ್ಟು ತಿದ್ದಿಕೊಟ್ಟರೆ, ರಾಜ್ಯದ ಎಲ್ಲ ಶಾಲೆಗಳ ಕೀಲಿಮಣೆಗಳೂ ಆ ಒಂದೇ ದಿನ ಶ್ರುತಿ ಸೇರುವುವು. ಹಾರ್ಮೋನಿಯಂ ಪೆಟ್ಟಿಗೆಯ ಲೋಹದ ನಾಲಗೆಗಳನ್ನು ಒಂದೊಂದಾಗಿ ಉಜ್ಜಿ ಶ್ರುತಿಮಾಡುವವರನ್ನು ಕಂಡವರಿಗೆ ಇದು ಎಷ್ಟು ದೊಡ್ಡ ಸೌಲಭ್ಯವೆಂಬುದು ಅರ್ಥವಾಗುವುದು.

ಶ್ರುತಿ ಸೇರಿದರೂ ಗಮಕವುಳಿಯುತ್ತದೆ. ತಿರುವನಂತಪುರದ ನವರಾತ್ರಿ ಮಂಟಪದಲ್ಲಿ ಸ್ವಾತಿ ತಿರುನಾಳರ ಒಂಬತ್ತು ಕೀರ್ತನೆಗಳನ್ನು ದಿನಕ್ಕೊಂದರಂತೆ ಪ್ರಧಾನವಾಗಿ ಹಾಡುವ ಸಂಪ್ರದಾಯದಲ್ಲಿ ನಾಲ್ಕನೆಯ ದಿನ ತೋಡಿಯದು. ತೋಡಿಯ ಗಾಂಧಾರವು ಒಂದು ಮನೆಯಲ್ಲಿ ಕುಳಿತಿರುವ ಸ್ವರವಲ್ಲ. ಋಷಭದತ್ತ ಬಾಗಿ, ಮಧ್ಯಮದತ್ತ ಏರಿ, ಆ ತೂಗಾಟದಲ್ಲಿಯೇ ತನ್ನ ಸ್ವರೂಪವನ್ನು ಪ್ರಕಟಿಸತಕ್ಕದ್ದು. ಕೀಬೋರ್ಡಿನ ಮನೆಯನ್ನು ಒತ್ತಿ ಸುಮ್ಮನಿದ್ದರೆ ಅಲ್ಲಿ ತೋಡಿಯೇ ಇಲ್ಲ. ಎಡಬದಿಯಲ್ಲಿರುವ ಪಿಚ್ ಬೆಂಡ್ ಚಕ್ರಕ್ಕೆ ನಮ್ಮ ಸಂಗೀತದಲ್ಲಿ ಬರುವ ಪ್ರಾಧಾನ್ಯ ಈ ಕಾರಣದಿಂದ. ಅದರ ಚಲನೆಯನ್ನು ಮಿಡಿಯಲ್ಲಿ 0 ಯಿಂದ 16,383ರವರೆಗಿನ ಸಂಖ್ಯೆಗಳಲ್ಲಿ ಕಳುಹಲಾಗುತ್ತದೆ. ನಡುವಣ ವಿಶ್ರಾಂತಿಸ್ಥಾನ 8,192. ಸಾಮಾನ್ಯವಾಗಿ ಅದು ಎತ್ತಲೂ ಎರಡು ಮನೆಗಳಷ್ಟೇ ಎಳೆಯುವಂತೆ ನಿಗದಿಯಾಗಿರುತ್ತದೆ. ಷಡ್ಜದಿಂದ ಪಂಚಮಕ್ಕೆ ಜಾರಬೇಕೆಂಬವರಿಗೆ ಏಳು ಮನೆಗಳು ಬೇಕಾಗುವುದರಿಂದ ಅದನ್ನು ಹನ್ನೆರಡಕ್ಕೆ ಹಿಗ್ಗಿಸಿಕೊಳ್ಳುವುದು ಯುಕ್ತ. ಹಾಗೆ ಹಿಗ್ಗಿಸಿದರೂ ಒಂದೊಂದು ಹೆಜ್ಜೆ ಒಂದು ಸೆಂಟ್‌ನ ಏಳರಲ್ಲಿ ಒಂದು ಪಾಲಿನಷ್ಟೇ ಆಗಿರುವುದರಿಂದ, ಮನುಷ್ಯನ ಕಿವಿಗೆ ಮೆಟ್ಟಿಲುಗಳು ಕಾಣಿಸದೆ ಅಖಂಡವಾದ ಜಾರು ಮಾತ್ರ ಕೇಳಿಸುತ್ತದೆ. ಈ ಚಕ್ರವು ಒಂದು ಚಾನೆಲ್ಲಿನಲ್ಲಿರುವ ಎಲ್ಲ ಸ್ವರಗಳನ್ನೂ ಒಟ್ಟಿಗೆ ಎಳೆಯುತ್ತದೆಂಬುದನ್ನು ಮರೆತು, ಶ್ರುತಿಗಾಗಿ ಹಿಡಿದ ಷಡ್ಜವನ್ನು ಅದೇ ಚಾನೆಲ್ಲಿನಲ್ಲಿಟ್ಟರೆ ಗಾಂಧಾರದೊಡನೆ ಷಡ್ಜವೂ ತೂಗಾಡಿ ಅನರ್ಥವಾಗುವುದು. ತಂಬೂರಿಗೆ ಪ್ರತ್ಯೇಕವಾದ ಚಾನೆಲ್ಲೇ ಇರಬೇಕು. ಸಿಂಥಸೈಜರನ್ನು ಏಕಸ್ವರದ ಸ್ಥಿತಿಯಲ್ಲಿರಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಾದ ಕಡಿಯದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಎಡಗೈಗೆ ಚಕ್ರ, ಬಲಗೈಗೆ ಮನೆಗಳು: ವೀಣೆಯಲ್ಲಿ ಒಂದು ಕೈ ಮೀಟಿ ಇನ್ನೊಂದು ಕೈ ತಂತಿಯನ್ನೆಳೆಯುವ ವಿದ್ಯೆಯ ದೂರದ ಬಂಧುವೆಂದು ಇದನ್ನು ಭಾವಿಸಬಹುದು, ಮತ್ತು ಅಷ್ಟೇ ಶ್ರದ್ಧೆಯಿಂದ ಸಾಧನೆ ಮಾಡಬೇಕು. ಕೇರಳದವರಿಗೆ ಇದಕ್ಕೆ ಇನ್ನೂ ಸಮೀಪದ ನಿದರ್ಶನ ಮನೆಯಲ್ಲೇ ಇದೆ. ಸೋಪಾನದ ಬಳಿ ನಿಂತು ಹಾಡುವವರ ಹೆಗಲಿನಿಂದ ಇಳಿಬಿದ್ದ, ಉಣ್ಣೆಯ 64 ಗೊಂಡೆಗಳಿಂದ ಅಲಂಕೃತವಾದ ಇಡಕ್ಕವು, ನಡುವಣ ಹಗ್ಗಗಳನ್ನು ಒತ್ತಿ ಸಡಿಲಿಸುವುದರಿಂದಲೇ ಸ್ವರಗಳ ಏರಿಳಿತವನ್ನು ತೋರಿ, ಚರ್ಮವಾದ್ಯವಾಗಿಯೂ ರಾಗವನ್ನು ನುಡಿಯುತ್ತದೆ.

ಹೊರಗಿನಿಂದ ಬಂದ ವಾದ್ಯವನ್ನು ಏನು ಮಾಡಬೇಕೆಂಬ ಪ್ರಶ್ನೆ ನಮ್ಮ ಸಂಗೀತಕ್ಕೆ ಹೊಸದಲ್ಲ. ಅದಕ್ಕೆ ನಾವು ಎರಡು ಸಲ ಎರಡು ಬಗೆಯ ಉತ್ತರಗಳನ್ನು ಕೊಟ್ಟಿದ್ದೇವೆ. ಪಿಟೀಲು ಯುರೋಪಿನದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಲಿಸಿದರು. ತಂಜಾವೂರಿನ ನಾಲ್ವರು ಸೋದರರಲ್ಲಿ ಒಬ್ಬರಾದ ವಡಿವೇಲು ತಿರುವನಂತಪುರದ ಆಸ್ಥಾನಕ್ಕೆ ಬಂದಾಗ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ರಚನೆ ಮಾಡಿದ ಸ್ವಾತಿ ತಿರುನಾಳ್ ಮಹಾರಾಜರು ಆತನ ಪಿಟೀಲುವಾದನಕ್ಕೆ ಮೆಚ್ಚಿ 1834ರಲ್ಲಿ ದಂತದ ಪಿಟೀಲೊಂದನ್ನು ಬಹುಮಾನವಾಗಿ ಕೊಟ್ಟರು. ಇದರಲ್ಲಿ ಗಮನಿಸಬೇಕಾದದ್ದು ರಾಜೋಚಿತವಾದ ಉಡುಗೊರೆಯನ್ನಷ್ಟೇ ಅಲ್ಲ. ನಮ್ಮವರು ಆ ವಾದ್ಯವನ್ನು ಬಂದಂತೆಯೇ ಅಂಗೀಕರಿಸಲಿಲ್ಲ. ನೆಲದ ಮೇಲೆ ಕುಳಿತು ಅದರ ತುದಿಯನ್ನು ಪಾದಕ್ಕೆ ಆನಿಸಿದರು, ಎಡಗೈ ನಿರಾತಂಕವಾಗಿ ಜಾರುವಂತೆ ಮಾಡಿಕೊಂಡರು, ತಂತಿಗಳ ಪರದೇಶದ ಶ್ರುತಿಯನ್ನು ಕಳಚಿ ಷಡ್ಜಪಂಚಮಗಳಿಗೆ ತಂದರು. ಮುಂದೆ ನಮ್ಮ ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನೇ ನಿರ್ಮಿಸಿಕೊಂಡು ಅದರಿಂದ ಸಭೆಗಳನ್ನು ತುಂಬಿದರು. ವಾದ್ಯ ಪರಕೀಯವಾಗಿ ಬಂದಿತು. ಶ್ರುತಿ ಬದಲಾಯಿತು, ಹಿಡಿತ ಬದಲಾಯಿತು. ಇಂದು ಪಿಟೀಲಿಲ್ಲದ ಕಚೇರಿಯನ್ನು ಊಹಿಸುವುದೇ ಕಷ್ಟ.

ಹಾರ್ಮೋನಿಯಮ್ಮಿಗೆ ಕೊಟ್ಟ ಉತ್ತರ ಬೇರೆ. 1940ರ ಮಾರ್ಚ್ 1ರಿಂದ ಅಖಿಲ ಭಾರತ ರೇಡಿಯೋ ಅದನ್ನು ತನ್ನ ಕೇಂದ್ರಗಳಿಂದ ಬಹಿಷ್ಕರಿಸಿತು; 1971ರಲ್ಲಿ ಮಾತ್ರ ಆ ನಿಷೇಧ ಭಾಗಶಃ ಸಡಿಲಿತು. ತಿರುವಾಂಕೂರು ಸಂಸ್ಥಾನವು 1943ರಲ್ಲಿ ಆರಂಭಿಸಿದ್ದ ತಿರುವನಂತಪುರದ ಬಾನುಲಿ ಕೇಂದ್ರವೂ 1950ರಲ್ಲಿ ಆ ಕುಟುಂಬಕ್ಕೆ ಸೇರಿದ ಮೇಲೆ ಅದೇ ಕಟ್ಟಳೆಗೆ ಒಳಗಾಯಿತು. (ನಮ್ಮ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ ಆಕಾಶವಾಣಿಯ ಕಥೆಯೂ ಕೊನೆಗೆ ಅದೇ ಪ್ರವಾಹದಲ್ಲಿ ಕೂಡಿತು.) ನಿಷೇಧವನ್ನು ಬಯಸಿದವರು ಅಲ್ಪರಲ್ಲ, ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಜಾನ್ ಫೌಲ್ಡ್ಸ್ ಅದರ ವಿರುದ್ಧ ಬರೆದರು, ರವೀಂದ್ರನಾಥ ಠಾಕೂರರೂ ಅದನ್ನು ಒಲ್ಲರು. ಅವರ ಆಕ್ಷೇಪದಲ್ಲಿ ಸತ್ಯಾಂಶವಿತ್ತು: ಹಾರ್ಮೋನಿಯಮ್ಮಿನ ಸ್ವರಗಳು ಅಚಲ, ಅದರಲ್ಲಿ ಗಮಕ ಹುಟ್ಟದು. ಆದರೆ ದೋಷವನ್ನು ಕಂಡವರು ದೋಷಪರಿಹಾರದ ಯತ್ನಕ್ಕೆ ಅವಕಾಶವನ್ನೇ ಕೊಡದೆ ವಾದ್ಯವನ್ನೇ ಹೊರಗಟ್ಟಿದ್ದರಿಂದ ಆದುದೇನು? ಬಾನುಲಿಯ ಬಾಗಿಲು ಮುಚ್ಚಿದ್ದರೂ ಅದು ಗುಬ್ಬಿ ಕಂಪನಿಯ ರಂಗದ ಮುಂದೆ ಕಾಲು ಹಾರ್ಮೋನಿಯಂ ಆಗಿ, ಭಜನಾಮಂದಿರಗಳಲ್ಲಿ ಕೈಪೆಟ್ಟಿಗೆಯಾಗಿ, ಹರಿಕಥೆಯವರ ಪಕ್ಕದಲ್ಲಿ ಸಂಗಾತಿಯಾಗಿ ನುಡಿಯುತ್ತಲೇ ಇತ್ತು. ನಮ್ಮ ಯಕ್ಷಗಾನದ ಭಾಗವತರು ತಮ್ಮ ಶ್ರುತಿಯನ್ನು ‘ಕಪ್ಪು ಎರಡು’, ‘ಬಿಳಿ ಐದು’ ಎಂದು ಅದರ ಮನೆಗಳಿಂದಲೇ ಹೇಳುತ್ತ ಬಂದಿದ್ದಾರೆ. ಜನ ಬಿಡದ ವಾದ್ಯವನ್ನು ಪಂಡಿತರು ಬಿಟ್ಟದ್ದರಿಂದ, ಅದನ್ನು ತಿದ್ದುವ ಕೆಲಸ ಮೂವತ್ತು ವರ್ಷಗಳಷ್ಟು ಹಿಂದೆ ಬಿದ್ದಿತು.

ಮಿಡಿ ಕೀಬೋರ್ಡಿನ ವಿಷಯದಲ್ಲಿಯೂ ನಾವು ಈಗ ಅಂಥದೇ ಕವಲಿನಲ್ಲಿದ್ದೇವೆ. ಸಂಗೀತದ ಮನೆತನಗಳಲ್ಲಿ ಅದಕ್ಕೆ ತಿರಸ್ಕಾರ, ಬಾಲಕರಲ್ಲಿ ಅದರ ಮೇಲೆ ಮೋಹ. ನಡುವೆ ನಿಂತು ತಿದ್ದತಕ್ಕವರು ವಿರಳ. ಹಾರ್ಮೋನಿಯಮ್ಮಿನಲ್ಲಿ ಶ್ರುತಿ ಲೋಹದಲ್ಲಿ ಕೊರೆದದ್ದಾಗಿತ್ತು. ಇಲ್ಲಿ ಅದು ಬರೆದು ಅಳಿಸಬಹುದಾದ ಹನ್ನೆರಡು ಸಂಖ್ಯೆಗಳು. ಅಲ್ಲಿ ಗಮಕ ಅಸಾಧ್ಯವಾಗಿತ್ತು, ಇಲ್ಲಿ ಅಭ್ಯಾಸಸಾಧ್ಯ. ಚೆನ್ನೈಯ ಕೆ. ಸತ್ಯನಾರಾಯಣನ್ ಬಾಲ್ಯದಿಂದಲೇ ಕೀಬೋರ್ಡಿನ ಮೇಲೆ ಕರ್ನಾಟಕ ಸಂಗೀತದ ಕಚೇರಿಗಳನ್ನು ನಡೆಸಿಕೊಂಡು ಬಂದಿದ್ದಾರೆ. ಬೆಂಗಳೂರಿನಲ್ಲಿ ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜನಾರಾಯಣ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನೂ ತಂಬೂರಿಯನ್ನೂ ರೂಪಿಸಿ, ಯಂತ್ರವೂ ಶುದ್ಧಶ್ರುತಿಯಲ್ಲಿ ನಿಲ್ಲಬಲ್ಲುದೆಂಬುದನ್ನು ಬಹುಕಾಲದ ಹಿಂದೆಯೇ ತೋರಿಸಿದ್ದಾರೆ. ದಾರಿ ಇಲ್ಲವೆಂದು ಹೇಳುವಂತಿಲ್ಲ.

ಶ್ರುತಿಯಷ್ಟೇ ಗಂಭೀರವಾದ ಇನ್ನೊಂದು ಕೊರತೆ ವಾದ್ಯಗಳ ಪಟ್ಟಿಯಲ್ಲಿದೆ. ಎಲ್ಲ ಸಿಂಥಸೈಜರುಗಳೂ ಒಂದೇ ಕ್ರಮವನ್ನನುಸರಿಸಲೆಂದು 1991ರಲ್ಲಿ ಜನರಲ್ ಮಿಡಿ ಎಂಬ ಒಡಂಬಡಿಕೆಯಾಯಿತು. ಅದರಲ್ಲಿ 128 ಧ್ವನಿಗಳಿಗೆ ಸ್ಥಾನ ಕೊಡಲಾಯಿತು. ಆ 128ರಲ್ಲಿ ಭಾರತದಿಂದ ಹೋದವು 105ನೆಯದಾದ ಸಿತಾರ್ ಮತ್ತು 112ನೆಯದಾದ ಶಹನಾಯಿ. ವೀಣೆಯಿಲ್ಲ, ಮೃದಂಗವಿಲ್ಲ, ತಬಲವಿಲ್ಲ, ನಾಗಸ್ವರವಿಲ್ಲ. ಬಂದೂಕಿನ ಶಬ್ದಕ್ಕೂ ಹೆಲಿಕಾಪ್ಟರಿನ ಶಬ್ದಕ್ಕೂ ಟೆಲಿಫೋನಿನ ಗಂಟೆಗೂ ಒಂದೊಂದು ಸ್ಥಾನ ದೊರೆತ ಪಟ್ಟಿಯಲ್ಲಿ ಸಾವಿರಾರು ವರ್ಷಗಳ ನಾದಸಂಪತ್ತಿಗೆ ಎಡೆಯಿಲ್ಲವಾಯಿತು. ಪಟ್ಟಿಯನ್ನು ಮಾಡಿದವರನ್ನು ದೂರಿ ಪ್ರಯೋಜನವಿಲ್ಲ. ತಮಗೆ ಗೊತ್ತಿದ್ದುದನ್ನು ಅವರು ಬರೆದರು. ಉಚಿತವಾಗಿ ದೊರೆಯುವ ಸೌಂಡ್‌ಫಾಂಟ್‌ಗಳು ಬಹುಮಟ್ಟಿಗೆ ಈ ಪಟ್ಟಿಯನ್ನೇ ಅನುಸರಿಸುವುದರಿಂದ, ತೃಪ್ಪೂಣಿತ್ತುರದ ಶಾಲೆಯ ಮಗು ಕೀಬೋರ್ಡಿನ ಮುಂದೆ ಕುಳಿತರೆ ತನ್ನ ಊರ ಉತ್ಸವದ ಒಂದು ವಾದ್ಯವನ್ನೂ ಅಲ್ಲಿ ಕಾಣದೆ, ಸ್ಕಾಟ್ಲೆಂಡಿನ ಬ್ಯಾಗ್‌ಪೈಪನ್ನೂ ಜಪಾನಿನ ಕೊಟೊವನ್ನೂ ಮಾತ್ರ ಕಾಣುತ್ತದೆ. ಬ್ಯಾಗ್‌ಪೈಪನ್ನು ಕಾಣಲಿ, ಅದರಲ್ಲಿ ಹಾನಿಯಿಲ್ಲ. ಚೆಂಡೆಯನ್ನು ಕಾಣದಿರುವುದು ಹಾನಿ.

ಈ ಕೊರತೆಯನ್ನು ತುಂಬಬಲ್ಲವರು ಎಲ್ಲಿದ್ದಾರೆಂದು ಹುಡುಕಬೇಕಾಗಿಲ್ಲ. 1939ರಲ್ಲಿ ಮ್ಯೂಸಿಕ್ ಅಕಾಡೆಮಿಯಾಗಿ ಹುಟ್ಟಿದ ಸ್ವಾತಿ ತಿರುನಾಳ್ ಸಂಗೀತ ಕಾಲೇಜು ತಿರುವನಂತಪುರದಲ್ಲಿದೆ. ಆರ್‌ಎಲ್‌ವಿ ಸಂಗೀತ ಮತ್ತು ಲಲಿತಕಲೆಗಳ ಕಾಲೇಜು ತೃಪ್ಪೂಣಿತ್ತುರದಲ್ಲಿದೆ. ಫೋರ್ಟ್ ಕೊಚ್ಚಿಯಲ್ಲಿ ಹುಟ್ಟಿದ ಯೇಸುದಾಸರು ವಿದ್ಯಾರ್ಥಿಯಾಗಿದ್ದ ಸಂಸ್ಥೆಗಳಿವು. 1930ರಲ್ಲಿ ಸ್ಥಾಪಿತವಾದ ಕಲಾಮಂಡಲ ಚೆರುತುರುತ್ತಿಯಲ್ಲಿದೆ. ಈ ಮೂರು ಸಂಸ್ಥೆಗಳ ಆಚಾರ್ಯರು ಚೆಂಡೆ, ಮದ್ದಳೆ, ತಿಮಿಲ, ಇಡಕ್ಕ, ಕೊಂಬು, ಕುಳಲ್, ಮಿಳಾವು, ವೀಣೆಗಳ ಒಂದೊಂದು ಘಾತವನ್ನೂ ಮೃದುವಿನಿಂದ ಪ್ರಬಲದವರೆಗೆ ಹಲವು ಬಲಗಳಲ್ಲಿ ನುಡಿಸಿಕೊಟ್ಟು, ಕೈಟ್ ಸಂಸ್ಥೆಯ ತಂತ್ರಜ್ಞರು ಅವನ್ನು ಧ್ವನಿಮುದ್ರಿಸಿ ಸೌಂಡ್‌ಫಾಂಟ್ ಕಡತಗಳಾಗಿ ಜೋಡಿಸಿ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಪ್ರಕಟಿಸಲಿ. ಒಂದು ಘಾತವೆಂದರೆ ಒಂದೇ ಧ್ವನಿಯಲ್ಲ: ಚೆಂಡೆಯ ಎಡತಲೆಯ ನಾದ ಬೇರೆ, ಬಲತಲೆಯದು ಬೇರೆ, ಮುಂದಾಳಾದ ಉರುಟ್ಟು ಚೆಂಡೆಯ ಮಾತು ಬೇರೆ, ತಾಳ ಹಿಡಿಯುವ ವೀಕ್ಕನ್ ಚೆಂಡೆಯ ಮಾತು ಬೇರೆ. ಇದನ್ನು ಅರಿತವರು ಮುದ್ರಿಸಿದರೆ ಒಂದು ಬಗೆ, ಪರಊರಿನ ಸ್ಟುಡಿಯೊದವರು ಅವಸರದಲ್ಲಿ ಮುದ್ರಿಸಿ ಮಾರಿದರೆ ಇನ್ನೊಂದು ಬಗೆ. ಎರಡನೆಯದು ಈಗಾಗಲೇ ಮಾರುಕಟ್ಟೆಯಲ್ಲಿ ನಡೆಯುತ್ತಿದೆ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪವನ್ನು ಎದುರಿಸಬೇಕು. ಚೆಂಡೆಯ ಧ್ವನಿ ಕಡತದಲ್ಲಿ ಪುಕ್ಕಟೆಯಾಗಿ ಸಿಕ್ಕುವುದಾದರೆ ಚೆಂಡೆಯವನನ್ನು ಯಾರು ಕರೆಯುತ್ತಾರೆ? ಈ ಭಯ ನಿರಾಧಾರವಲ್ಲವೆಂಬುದಕ್ಕೆ ಚಲನಚಿತ್ರ ಸಂಗೀತದ ಇತಿಹಾಸವೇ ಸಾಕ್ಷಿ. ಕೊಚ್ಚಿಯವರೇ ಆದ ಎಂ. ಕೆ. ಅರ್ಜುನನ್ ಮಾಸ್ತರರು ಬಡತನದ ಬಾಲ್ಯದಲ್ಲಿ ಪಳನಿಯ ಆಶ್ರಮದಲ್ಲಿ ಸಂಗೀತ ಕಲಿತು ಮಲಯಾಳದ ಮಾನ್ಯ ಸಂಯೋಜಕರಾದರು. ಅವರಿಗೆ ವಾದ್ಯಸಂಯೋಜನೆ ಮಾಡಿಕೊಡುತ್ತಿದ್ದ ಆರ್. ಕೆ. ಶೇಖರ್ ಹೊಸ ವಿದ್ಯುನ್ಮಾನ ವಾದ್ಯಗಳಲ್ಲಿ ಆಸಕ್ತರಾಗಿದ್ದರು. ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡ ಅವರ ಮಗನನ್ನು ಅರ್ಜುನನ್ ಮಾಸ್ತರರು ತಮ್ಮ ವಾದ್ಯವೃಂದದಲ್ಲಿ ಕೀಬೋರ್ಡಿಗೆ ಕೂರಿಸಿಕೊಂಡರು. ಆ ಹುಡುಗ ಎ. ಆರ್. ರಹಮಾನ್, ಮುಂದೆ ನಮ್ಮ ವಿಜಯಭಾಸ್ಕರ್, ಹಂಸಲೇಖ ಅವರಿಗೂ ಆತ ಕೀಬೋರ್ಡ್ ನುಡಿಸಿದ್ದುಂಟು. 1987ರ ‘ಪ್ರೇಮಲೋಕ’ದ ಹಾಡುಗಳಲ್ಲಿ ಹೊಸ ಧ್ವನಿಗಳನ್ನು ಕೇಳಿ ಕನ್ನಡಿಗರು ಹರ್ಷಿಸಿದ ಕಾಲದಿಂದ ಮೊದಲ್ಗೊಂಡು, ಹತ್ತಾರು ಪಿಟೀಲುಗಾರರು ಕುಳಿತಿರುತ್ತಿದ್ದ ಧ್ವನಿಮುದ್ರಣಶಾಲೆಗಳು ಮೆಲ್ಲನೆ ಬರಿದಾಗಿ, ಇಂದು ಕೊಚ್ಚಿಯ ಫ್ಲ್ಯಾಟೊಂದರ ಸಣ್ಣ ಕೋಣೆಯಲ್ಲಿ ಒಂದು ಕೀಬೋರ್ಡು, ಒಂದು ಕಂಪ್ಯೂಟರು, ಒಬ್ಬ ತರುಣನಿಂದ ಇಡೀ ಚಿತ್ರದ ಹಿನ್ನೆಲೆ ಸಂಗೀತ ಸಿದ್ಧವಾಗುವ ಸ್ಥಿತಿ ಬಂದಿದೆ. ಕಲೆಗೆ ಅದರಿಂದ ಲಾಭವೂ ಆಗಿದೆ. 2019ರ ‘ಕುಂಬಳಂಗಿ ನೈಟ್ಸ್’ ಚಿತ್ರಕ್ಕೆ ಸುಶಿನ್ ಶ್ಯಾಮ್ ಒದಗಿಸಿದ ಸಂಗೀತ ರಾಜ್ಯ ಪ್ರಶಸ್ತಿಗೆ ಅರ್ಹವೇ ಆಗಿತ್ತು. ಆದರೆ ಕೆಲಸ ಕಳೆದುಕೊಂಡ ವಾದಕರ ನಷ್ಟವನ್ನು ಯಾವ ಪ್ರಶಸ್ತಿಯೂ ತುಂಬಿಕೊಡಲಿಲ್ಲವೆಂಬುದನ್ನು ಒಪ್ಪಿಯೇ ಮುಂದಿನ ಮಾತನ್ನಾಡಬೇಕು. ಹೀಗಾಗಿ ಧ್ವನಿಗಳನ್ನು ಕೊಡುವ ಕಲಾವಿದರಿಗೆ ಸರಕಾರ ಧಾರಾಳವಾದ ಸಂಭಾವನೆಯನ್ನು ಕೊಡಲಿ, ಅವರ ಹೆಸರು ಕಡತದೊಳಗೇ ಅಳಿಸಲಾಗದಂತೆ ಸೇರಿರಲಿ, ಕೀಬೋರ್ಡನ್ನು ಪಡೆದ ಪ್ರತಿ ಶಾಲೆಗೂ ವರ್ಷಕ್ಕೊಮ್ಮೆಯಾದರೂ ಚೆಂಡೆಯಂಥ ಈ ವಾದ್ಯಗಳನ್ನು ನಿಜವಾಗಿ ನುಡಿಸುವವರು ಬಂದು ಮಕ್ಕಳ ಮುಂದೆ ಕುಳಿತುಕೊಳ್ಳುವ ಏರ್ಪಾಡಿರಲಿ. ಕಡತದಲ್ಲಿ ಚೆಂಡೆಯನ್ನು ಕೇಳಿದ ಮಗು ಚೆಂಡೆಯವರನ್ನು ಮರೆಯುವುದಕ್ಕಿಂತ, ಅವರ ಬಳಿ ಹೋಗಬೇಕೆಂದು ಬಯಸುವುದೇ ಹೆಚ್ಚು ಸಂಭವ. ಕಂಠವೇ ಮೊದಲ ವಾದ್ಯವೆಂಬುದೂ, ಗುರುಮುಖವಿಲ್ಲದೆ ವಿದ್ಯೆಯಿಲ್ಲವೆಂಬುದೂ ಇದರಿಂದ ಬದಲಾಗುವುದಿಲ್ಲ.

ಕೇರಳದ ವಿಚಾರವನ್ನು ಕನ್ನಡ ಪತ್ರಿಕೆಯಲ್ಲಿ ಏತಕ್ಕೆ ಬರೆಯಬೇಕೆಂದು ಕೇಳುವವರಿಗೆ ಕಾಸರಗೋಡೇ ಉತ್ತರ. ಮಂಜೇಶ್ವರ, ಕುಂಬಳೆಗಳ ಕನ್ನಡ ಮಾಧ್ಯಮದ ಶಾಲೆಗಳು ತಿರುವನಂತಪುರದ ಇದೇ ವ್ಯವಸ್ಥೆಗೆ ಸೇರಿದವು. ಅಲ್ಲಿಯ ಮಕ್ಕಳಿಗೂ ಅದೇ ಲ್ಯಾಪ್‌ಟಾಪುಗಳು, ಅದೇ ಗ್ನು/ಲಿನಕ್ಸ್, ಕನ್ನಡದಲ್ಲಿಯೇ ಅಚ್ಚಾದ ಐಸಿಟಿ ಪಠ್ಯಪುಸ್ತಕಗಳು. 2018ರಿಂದ ನಡೆಯುತ್ತಿರುವ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿಗಳ ಕಂಪ್ಯೂಟರ್ ಕೂಟಗಳು ಅಲ್ಲಿಯೂ ಇವೆ. ರಾಜ್ಯದ ಶಾಲಾ ಕಲೋತ್ಸವದಲ್ಲಿ ಚೆಂಡೆಮೇಳ ಪಂಚವಾದ್ಯಗಳ ಜೊತೆಗೆ ಯಕ್ಷಗಾನಕ್ಕೂ ಕನ್ನಡ ಪದ್ಯವಾಚನಕ್ಕೂ ಸ್ಪರ್ಧೆಗಳಿರುವುದು ಆ ಸರಕಾರದ ಹಿರಿಮೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲವಾದ ಕುಂಬಳೆಯ ಮಗು ಕೀಬೋರ್ಡನ್ನು ತೆರೆದಾಗ ತೆಂಕುತಿಟ್ಟಿನ ಚೆಂಡೆಮದ್ದಳೆಗಳು ಅಲ್ಲಿರಬೇಕೆಂದು ಬಯಸುವುದು ಅತಿಯಾಸೆಯಲ್ಲ. ಮಲಯಾಳದ ಚೆಂಡೆಗೂ ಯಕ್ಷಗಾನದ ಚೆಂಡೆಗೂ ಇರುವ ನಂಟನ್ನೂ ಭೇದವನ್ನೂ ಎರಡು ಕಡತಗಳನ್ನು ಪಕ್ಕಪಕ್ಕದಲ್ಲಿರಿಸಿ ಕೇಳಿ ತಿಳಿಯುವ ಭಾಗ್ಯ ಬೇರೆ ಎಷ್ಟು ಮಕ್ಕಳಿಗಿದೆ? ತೆಂಕುತಿಟ್ಟಿನ ಈ ಧ್ವನಿಗಳನ್ನು ಮುದ್ರಿಸಿಕೊಡುವ ಹೊಣೆಯನ್ನು ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ವಹಿಸಿಕೊಳ್ಳಲಿ; ಅದೇ ಕಡತಗಳು ಕರ್ನಾಟಕದ ಶಾಲೆಗಳಿಗೂ ಬಂದಾವು. ಪಾಶ್ಚಾತ್ಯ ಪಿಯಾನೊವನ್ನು ಶ್ರದ್ಧೆಯಿಂದ ಅಭ್ಯಸಿಸಿ, ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ದ್ರವ್ಯಸಹಾಯ ಮಾಡಿ, ಅದೇ ಕಾಲಕ್ಕೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ ಊರಿಗೆ, ಕೀಲಿಮಣೆಯನ್ನು ಕಂಡು ಅಂಜುವ ಕಾರಣವಿಲ್ಲ.

ಕೈಟ್ ಸಂಸ್ಥೆಯವರು ತಮ್ಮ ಗ್ನು/ಲಿನಕ್ಸಿನ ಮುಂದಿನ ಆವೃತ್ತಿಯನ್ನು ಸಿದ್ಧಪಡಿಸುವಾಗ ಮೊದಲು ಮಾಡಬಹುದಾದದ್ದು ಇಷ್ಟು: ಕ್ಯೂಸಿಂತನ್ನೂ ಸರ್ಜನ್ನೂ ಅದರಲ್ಲಿ ಸೇರಿಸುವುದು, ಬಫರು 128ರಲ್ಲಿ, ಬೆಂಡಿನ ಹರವು ಹನ್ನೆರಡರಲ್ಲಿ, ತಂಬೂರಿ ಪ್ರತ್ಯೇಕ ಚಾನೆಲ್ಲಿನಲ್ಲಿ ಮೊದಲೇ ನಿಗದಿಯಾಗಿರುವಂತೆ ಮಾಡುವುದು, ಸ್ವಾತಿ ತಿರುನಾಳ್ ಕಾಲೇಜಿನ ವಿದ್ವಾಂಸರು ಒಪ್ಪಿದ ಶ್ರುತಿಕಡತವೊಂದನ್ನು ಅದರೊಡನಿರಿಸುವುದು, ತಿರುವನಂತಪುರ, ಎರ್ನಾಕುಳಂ, ಕಾಸರಗೋಡು ಜಿಲ್ಲೆಗಳ ಕೆಲವು ಶಾಲೆಗಳಿಗೆ, ಸಂಗೀತ ಶಿಕ್ಷಕರಿರುವ ಶಾಲೆಗಳನ್ನೇ ಆರಿಸಿ, ಒಂದೆರಡು ಕೀಬೋರ್ಡುಗಳನ್ನು ಕೊಟ್ಟು ಒಂದು ವರ್ಷ ನೋಡುವುದು. ಧ್ವನಿಮುದ್ರಣದ ಕೆಲಸ ಆ ವರ್ಷದಲ್ಲಿ ಇಡಕ್ಕದಿಂದ ಮೊದಲಾಗಲಿ. ಬೆಂಡ್ ಚಕ್ರದ ಉಪಯೋಗವೇನೆಂಬುದನ್ನು ಮಗುವಿಗೆ ಅದಕ್ಕಿಂತ ಬೇಗ ತಿಳಿಸಿಕೊಡುವ ವಾದ್ಯ ಬೇರೊಂದಿಲ್ಲ.